ಮೇಲಿನ ಕಟ್ಟಗಳು

ತಿರುಮಲೇಶ್ವರ ಭಟ್ಟರು ಡಾಕ್ಟರೇಟ್ ಪಡೆದದ್ದು ಕಡಿಮೆ ನೀರಿನ ಬಗ್ಗೆ. ಎಪ್ಪತ್ತನಾಲ್ಕರಲ್ಲಿ ನೇತ್ರಾವತಿಯ ನೆರೆ ಬಂಟ್ವಾಳದ ಪೇಟೆಗೆ ನುಗ್ಗಿದ ಮೇಲೆ, ಅವರು ಪಾಠ ಮಾಡುತ್ತಿದ್ದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಜಲಶಾಸ್ತ್ರದವರೆಲ್ಲ ನೆರೆಯ ಹಿಂದೆ ಬಿದ್ದಿದ್ದರು. ಭಟ್ಟರಿಗೆ ಅದರಲ್ಲಿ ಮನಸ್ಸು ನಿಲ್ಲಲಿಲ್ಲ. ನೆರೆ ಗದ್ದಲ ಮಾಡಿಕೊಂಡು ಬರುತ್ತದೆ, ಎಲ್ಲರಿಗೂ ಕಾಣುತ್ತದೆ. ಮಳೆ ನಿಂತ ಮೇಲೆ ಒಂದು ತೋಡು, ಎಂದರೆ ಸಣ್ಣ ಹಳ್ಳ, ಹೇಗೆ ದಿನದಿಂದ ದಿನಕ್ಕೆ ಸಣ್ಣಗಾಗುತ್ತ ಹೋಗುತ್ತದೆ, ಮೋಡವೇ ಇಲ್ಲದ ತಿಂಗಳುಗಳಲ್ಲಿ ಅದರೊಳಗೆ ಬರುವ ನೀರು ಎಲ್ಲಿಯದು ಎಂಬುದನ್ನು ಯಾರೂ ಕೇಳುತ್ತಿರಲಿಲ್ಲ. ಅವರು ಅದನ್ನು ಆರಿಸಿಕೊಂಡರು.

ಅಳೆಯುವುದಕ್ಕೆ ಆರಿಸಿಕೊಂಡದ್ದು ತಾವು ಬಲ್ಲ ತೋಡನ್ನೇ. ವೇಣೂರಿನಿಂದ ಕೆಳಗೆ ಫಲ್ಗುಣಿ ಹೊಳೆಗೆ ಸೇರುವ ಮುಂಡೇಲು ತೋಡು. ತಂದೆ ಬೇಗ ತೀರಿಕೊಂಡದ್ದರಿಂದ ಅವರು ಬೆಳೆದದ್ದು ಅದರ ದಡದಲ್ಲಿದ್ದ ಸೋದರಮಾವ ಮಹೇಶ್ವರ ಭಟ್ಟರ ಮನೆಯಲ್ಲಿ. ಮಾವ ಆ ಬೈಲಿನ ಗದ್ದೆಗಳಿಗೆಲ್ಲ ಧನಿ. ಭೂಮಸೂದೆ ಬಂದು ಗದ್ದೆಗಳು ಗೇಣಿಗೆ ಉಳುತ್ತಿದ್ದ ಒಕ್ಕಲುಗಳ ಪಾಲಾದಾಗ ಮಾವ ಯಾರೊಡನೆಯೂ ಜಗಳವಾಡಲಿಲ್ಲ. ಮನೆ ಮಾರಿ, ಬೆಳ್ತಂಗಡಿಯ ಹತ್ತಿರ ಲಾಯಿಲದಲ್ಲಿದ್ದ ಮಗಳ ಮನೆಗೆ ಹೋಗಿ ಸುಮ್ಮನೆ ಕುಳಿತುಬಿಟ್ಟರು. ಭಟ್ಟರು ಆಗಲೇ ಮೂಡುಬಿದಿರೆಯಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ಹೆಂಡತಿ ವಾಗ್ದೇವಿ ಅಲ್ಲಿನ ಶಾಲೆಯಲ್ಲಿ ಟೀಚರು. ಭಟ್ಟರು ಅಲ್ಲಿಂದಲೇ ದಿನಾ ಬಸ್ಸಿನಲ್ಲಿ ಕಾಲೇಜಿಗೆ ಹೋಗಿಬರುತ್ತಿದ್ದರು.

ತೋಡಿಗೆ ಅಡ್ಡವಾಗಿ ಒಂದು ಹಳೆಯ ಸೇತುವೆ ಇತ್ತು. ಅದರ ಕಂಬಕ್ಕೆ ಅವರು ಅಳತೆಯ ಪಟ್ಟಿ ಬಡಿದರು. ಸೇತುವೆಯ ಪಕ್ಕದಲ್ಲಿ ಗೂಡಂಗಡಿ ಇಟ್ಟಿದ್ದ ಬ್ಯಾರಿ ಮುಸಲ್ಮಾನ ಇದಿನಬ್ಬ ಬೆಳಿಗ್ಗೆ ಅಂಗಡಿ ತೆಗೆಯುವಾಗ ಒಮ್ಮೆ, ಸಂಜೆ ಮುಚ್ಚುವಾಗ ಒಮ್ಮೆ ಬಗ್ಗಿ ನೋಡಿ ನೀರಿನ ಮಟ್ಟ ಬರೆದಿಡುತ್ತಿದ್ದರು. ಭಟ್ಟರು ವಾರಕ್ಕೊಮ್ಮೆ ಹೋಗಿ ನೀರಿನ ವೇಗ ಅಳೆಯುತ್ತಿದ್ದರು. ಮೂರು ಬೇಸಿಗೆ ಹಾಗೆ ನಡೆಯಿತು. ಸೊಂಟದವರೆಗಿನ ನೀರು ಮೊಣಕಾಲಿಗೆ, ಮೊಣಕಾಲಿನಿಂದ ಪಾದಕ್ಕೆ ಇಳಿಯುವುದನ್ನು ನೋಡುತ್ತ ನಿಲ್ಲುವುದು ಅವರಿಗೆ ಇಷ್ಟವಾಗಿತ್ತು. ಆಗ ಯಾರೊಂದಿಗೂ ಮಾತಾಡಬೇಕಾಗಿರಲಿಲ್ಲ.

ಅವರಿಗೆ ಮಾರ್ಗದರ್ಶಕರಾಗಿದ್ದವರು ಧಾರವಾಡ ಕಡೆಯ ಪ್ರೊಫೆಸರ್ ದೇಶಪಾಂಡೆ. ನೀರಿನ ಇಳಿತವನ್ನು ರೇಖೆ ಎಳೆದು ತೋರಿಸಿದಾಗ ಅವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. ಬೇರೆ ತೋಡುಗಳ ನೀರು ಮಾಗಿಯ ಚಳಿ ಕಳೆಯುವ ಮುಂಚೆಯೇ ಸೋತುಹೋಗುತ್ತಿತ್ತು. ಮುಂಡೇಲು ತೋಡಿನದು ಬಹಳ ನಿಧಾನವಾಗಿ, ಮನಸ್ಸಿಲ್ಲದವರ ಹಾಗೆ ಇಳಿಯುತ್ತಿತ್ತು.

"ಭಟ್ರ, ಇದು ಭಾಳ ಚಂದ ಅದ. ಆದ್ರ ಒಂದು ಹೇಳ್ರಿ. ಮ್ಯಾಲೆ ಎಲ್ಲ್ಯರ ನೀರಿಗೆ ಅಡ್ಡಿ ಅದ ಏನು? ಒಡ್ಡು, ಕಾಲುವೆ, ಪಂಪು?"

"ಇಲ್ಲ ಸರ್. ಮೇಲೆ ಎಂತದ್ದೂ ಇಲ್ಲ. ಬರೀ ತೋಡು."

ಈ ಉತ್ತರ ಕೊಡಲು ಭಟ್ಟರು ಒಂದು ಕ್ಷಣವೂ ಯೋಚಿಸಲಿಲ್ಲ. ಸುಳ್ಳು ಹೇಳಬೇಕೆಂದೂ ಇರಲಿಲ್ಲ. ತೋಡಿನ ಒಂದೊಂದು ತಿರುವೂ ಅವರಿಗೆ ಕಣ್ಣು ಮುಚ್ಚಿದರೆ ಕಾಣುತ್ತಿತ್ತು. ಆ ಬೆಟ್ಟದ ತೂತುತೂತಾದ ಕೆಂಪು ಮುರಕಲ್ಲಿನೊಳಗೆ ಮಳೆನೀರು ಹೆಚ್ಚು ಕಾಲ ನಿಲ್ಲುತ್ತದೆ, ಅದೇ ಬೇಸಿಗೆಯಲ್ಲಿ ಮೆಲ್ಲಗೆ ತೋಡಿಗೆ ಒಸರುತ್ತದೆ ಎಂದು ಅವರು ಬರೆದರು. ಎಂಬತ್ತೊಂದರಲ್ಲಿ ಡಾಕ್ಟರೇಟ್ ಬಂತು. ಕಾಲೇಜಿನಲ್ಲಿ ಅವರ ಕೋಣೆಯ ಹೊರಗೆ ಹೆಸರಿನ ಹಲಗೆ ಬದಲಾಯಿತು.

ಬಂಟ್ವಾಳದ ಒಂದು ನೀರಾವರಿ ಕಚೇರಿಯಲ್ಲಿ ಅವರ ಹಳೆಯ ವಿದ್ಯಾರ್ಥಿಯೊಬ್ಬ ಸಹಾಯಕ ಇಂಜಿನಿಯರ್ ಆಗಿದ್ದ. ಗುರುಗಳ ಪ್ರಬಂಧವನ್ನು ಅಭಿಮಾನದಿಂದ ತರಿಸಿಕೊಂಡು ಓದಿದವನು ಅವನೊಬ್ಬನೇ. ಬೇಸಿಗೆಯಲ್ಲೂ ಇಷ್ಟು ನೀರಿರುವ ತೋಡನ್ನು ಸುಮ್ಮನೆ ಹರಿಯಲು ಬಿಡುವುದೇಕೆ ಎಂದು ಅವನಿಗೆ ಅನಿಸಿತು. ಇದಿನಬ್ಬರ ಅಂಗಡಿಯ ಕೆಳಗೆ ಹಲಗೆ ಹಾಕಿ ತೆಗೆಯುವ ಕಿಂಡಿಗಳಿದ್ದ ಅಣೆಕಟ್ಟು ಬಂತು. ಪಕ್ಕದಲ್ಲಿ ಪಂಪುಮನೆ, ಅಲ್ಲಿಂದ ಮೇಲಿನ ಬೈಲಿಗೆ ನೀರೊಯ್ಯುವ ಸಿಮೆಂಟಿನ ಕಾಲುವೆ. ಉದ್ಘಾಟನೆಯ ದಿನ ಭಟ್ಟರಿಗೂ ಹಾರ ಹಾಕಿದರು. ಭಾಷಣ ಮಾಡಿದವರೊಬ್ಬರು, ಈ ಊರಿನ ಅನ್ನ ಉಂಡವರು ಈ ಊರಿಗೆ ನೀರು ತಂದರು ಎಂದರು. ಭಟ್ಟರು ತಲೆ ತಗ್ಗಿಸಿ ಕುಳಿತಿದ್ದರು. ಅಂದು ಅವರಿಗೆ ಸಂತೋಷವೇ ಆಗಿತ್ತು.

ಮುಂದಿನ ಬೇಸಿಗೆಯಲ್ಲಿ ಅಣೆಕಟ್ಟು ಬತ್ತಿತು.

ಜನವರಿಯಲ್ಲಿ ಪಂಪು ನೀರಿನ ಜತೆ ಗಾಳಿಯನ್ನೂ ಎಳೆಯತೊಡಗಿತು. ಫೆಬ್ರವರಿಯಲ್ಲಿ ನಿಂತೇಹೋಯಿತು. ಬೈಲಿನಲ್ಲಿ ಸುಗ್ಗಿ ಬೆಳೆ, ಅಂದರೆ ಮಳೆಗಾಲದ ಕೊಯ್ಲಿನ ನಂತರ ಹಾಕುವ ಎರಡನೆಯ ಭತ್ತ, ತೆನೆ ಬರುವ ಮೊದಲೇ ಹಳದಿಯಾಯಿತು. ಮಳೆ ಕಡಿಮೆಯಾಯಿತು ಎಂದು ಕೆಲವರು, ಪಂಪು ಸರಿಯಿಲ್ಲ ಎಂದು ಕೆಲವರು ಹೇಳಿದರು. ಮಳೆ ಕಡಿಮೆಯಾಗಿರಲಿಲ್ಲವೆಂದು ಭಟ್ಟರಿಗೆ ಗೊತ್ತಿತ್ತು. ಒಂದು ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಹೋಗಿ ಸೇತುವೆಯ ಬಳಿ ಇಳಿದರು.

"ಬನ್ನಿ ಭಟ್ರೆ," ಎಂದರು ಇದಿನಬ್ಬ. "ನಿಮ್ಮ ಡ್ಯಾಮು ಭಾರೀ ಉಪಕಾರ ಆಯ್ತು ಮಾರಾಯ್ರೆ. ಮಕ್ಕಳಿಗೆ ಚೆಂಡಾಡ್ಲಿಕ್ಕೆ ಜಾಗ ಇರ್ಲಿಲ್ಲ."

ಭಟ್ಟರು ನಗಲು ನೋಡಿದರು. ಆಗಲಿಲ್ಲ. ತೋಡಿಗಿಳಿದು ಮೇಲುಮುಖವಾಗಿ ನಡೆಯತೊಡಗಿದರು. ಕಾಲ ಕೆಳಗೆ ಕಲ್ಲುಗಳು ಒಣಗಿ ಬೆಳ್ಳಗಾಗಿದ್ದವು. ಎರಡು ತಿರುವು ದಾಟಿದ ಮೇಲೆ ತೋಡು ಕಿರಿದಾಗುವ ಒಂದು ಜಾಗ. ಅಲ್ಲಿಗೆ ಬಂದಾಗ ಏನೋ ಇಲ್ಲ ಅನಿಸಿತು. ಏನೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತರು. ಮನೆಯೊಳಗೆ ದಿನಾ ನೋಡುವ ಗೋಡೆಗಡಿಯಾರ ತೆಗೆದಿಟ್ಟಾಗ ಆಗುವ ಹಾಗೆ. ಆಮೇಲೆ ದಡದ ಎರಡೂ ಬದಿಯಲ್ಲಿ ಹಳೆಯ ಗೂಟಗಳ ತೂತು ಕಂಡಿತು.

ಅಲ್ಲಿ ಪ್ರತಿ ವರ್ಷ ಕಟ್ಟ ಇರುತ್ತಿತ್ತು. ದೀಪಾವಳಿ ಕಳೆದ ಮೇಲೆ ಬೈಲಿನವರು ಸೇರಿ ತೋಡಿಗೆ ಅಡ್ಡವಾಗಿ ಗೂಟ ಹುಗಿದು, ಸೊಪ್ಪು ಹುಲ್ಲು ತುಂಬಿ, ಮಣ್ಣು ಹಾಕಿ ತುಳಿದು ನೀರು ನಿಲ್ಲಿಸುತ್ತಿದ್ದರು. ಮೊದಲ ಮಳೆಗೆ ಅದು ಕೊಚ್ಚಿಹೋಗುತ್ತಿತ್ತು. ಮರುವರ್ಷ ಮತ್ತೆ ಕಟ್ಟುತ್ತಿದ್ದರು. ಅಂಥ ಕಟ್ಟಗಳು ಮೇಲಿನವರೆಗೆ ಐದು. ಕಟ್ಟದ ಹಿಂದೆ ನಿಂತ ನೀರು ಎರಡೂ ದಡದ ನೆಲಕ್ಕೆ ಇಳಿಯುತ್ತಿತ್ತು, ಗದ್ದೆಗೆ ಹೋದ ನೀರಿನಲ್ಲಿ ಒಂದಷ್ಟು ಒಸರಿ ಮತ್ತೆ ಕೆಳಗಿನ ತೋಡಿಗೇ ಬರುತ್ತಿತ್ತು. ಬೇಸಿಗೆಯುದ್ದಕ್ಕೂ ಸೇತುವೆಯ ಕೆಳಗೆ ಅವರು ಅಳೆದದ್ದು ಅದನ್ನು. ಬೆಟ್ಟ ಕೊಟ್ಟ ನೀರೆಂದು ಬರೆದದ್ದು ಜನ ಕೆಸರು ತುಳಿದು ನಿಲ್ಲಿಸಿದ ನೀರು. ಅಣೆಕಟ್ಟು ಬಂತಲ್ಲ, ಇನ್ನೇಕೆ ಎಂದು ಆ ವರ್ಷ ಯಾರೂ ಕಟ್ಟ ಕಟ್ಟಿರಲಿಲ್ಲ.

ಬೇರೆ ಊರಿನವನು ಬಂದಿದ್ದರೆ ಮೊದಲ ದಿನವೇ ಅವುಗಳನ್ನು ನಕ್ಷೆಯಲ್ಲಿ ಗುರುತು ಮಾಡುತ್ತಿದ್ದ. ಭಟ್ಟರು ಅವುಗಳ ಮೇಲೆ ನಡೆದಾಡುತ್ತ ಬೆಳೆದವರು. ಶಾಲೆಗೆ ಹೋಗುವಾಗ ತೋಡು ದಾಟಿದ್ದು ಕಟ್ಟದ ಮೇಲೆ. ಅವರ ಮಟ್ಟಿಗೆ ಕಟ್ಟವೂ ಅಲ್ಲಿನ ಬಂಡೆಗಳ ಹಾಗೆ ತೋಡಿನದ್ದೇ ಒಂದು ಅಂಗವಾಗಿತ್ತು.

ಮನೆಗೆ ಬಂದು ವಾಗ್ದೇವಿಗೆ ಹೇಳಿದರು. ಅವರು ಉತ್ತರಪತ್ರಿಕೆ ತಿದ್ದುತ್ತಿದ್ದವರು ಪೆನ್ನು ಕೆಳಗಿಟ್ಟು, "ಅಷ್ಟು ವರ್ಷ ನೋಡಿಯೂ ನಿಮಗೆ ಕಾಣ್ಲಿಲ್ವಾ?" ಎಂದು ಕೇಳಿದರು. ಅದರಲ್ಲಿ ಕುಹಕವಿರಲಿಲ್ಲ. ಭಟ್ಟರು, ಬರುವ ದೀಪಾವಳಿಗೆ ಆ ಐದೂ ಕಟ್ಟ ಮತ್ತೆ ಏಳಬೇಕು, ಇಲ್ಲವಾದರೆ ಆ ಬೈಲಿನಲ್ಲಿ ಇನ್ನು ಸುಗ್ಗಿ ಬೆಳೆ ಎಂಬುದಿಲ್ಲ ಎಂದರು. ವಾಗ್ದೇವಿ, ಹಾಗಾದರೆ ಹೋಗಿ ಹೇಳಿಬನ್ನಿ, ಅದಕ್ಕೇನು ಎಂದರು. ಅಷ್ಟೇ ಸುಲಭವೆಂದು ಭಟ್ಟರಿಗೂ ಆ ಕ್ಷಣ ಅನಿಸಿತು.

ಮೊದಲು ದೇಶಪಾಂಡೆಯವರ ಬಳಿ ಹೋದರು. ಪ್ರೊಫೆಸರರು ನಿವೃತ್ತಿಯ ತಯಾರಿಯಲ್ಲಿದ್ದರು, ಕೋಣೆಯ ಪುಸ್ತಕಗಳನ್ನು ಪೆಟ್ಟಿಗೆಗಳಿಗೆ ತುಂಬಿಸುತ್ತಿದ್ದರು. ಭಟ್ಟರು ಹೇಳಿದ್ದನ್ನೆಲ್ಲ ನಿಂತೇ ಕೇಳಿದರು. ಮಧ್ಯೆ ಒಮ್ಮೆ ಅವರ ಮುಖದಲ್ಲಿ ವಿದ್ಯಾರ್ಥಿಯ ಕುತೂಹಲದಂಥದ್ದು ಮಿಂಚಿ ಹೋಯಿತು. ಆಮೇಲೆ ಅದು ಆರಿತು.

"ನೀವು ಅಳತಿ ಮಾಡಿದ ನೀರು ಖರೆ ಇತ್ತಲ್ಲ? ಮಾಪ ಸುಳ್ಳಲ್ಲ. ಕಾರಣ ತಪ್ಪಾಗೇದ. ಕಾರಣ ಎಲ್ಲಾರದೂ ತಪ್ಪಾಗ್ತಾವ. ಇನ್ನ ಅದನ್ನ ಕೆದರಬ್ಯಾಡ್ರಿ. ನನಗೂ ವಯಸ್ಸಾತು."

ಭಟ್ಟರು ತಿದ್ದುಪಡಿಯೊಂದನ್ನು ಬರೆದು ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಅಂಗೀಕಾರವಾದ ಪ್ರಬಂಧವನ್ನು ತಿದ್ದುವ ಪದ್ಧತಿ ಇಲ್ಲವೆಂದು ಉತ್ತರ ಬಂತು. ಅದೇ ಹೊತ್ತಿಗೆ ರೀಡರ್ ಹುದ್ದೆಗೆ ಸಂದರ್ಶನವಾಯಿತು. ನಿಮ್ಮ ತೋಡಿನ ಹರಿವು ಅಷ್ಟು ನಿಧಾನವಾಗಿ ಇಳಿಯುವುದಕ್ಕೆ ಕಾರಣವೇನೆಂದು ಒಬ್ಬರು ಕೇಳಿದರು. ಭಟ್ಟರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮೇಜಿನ ಆಚೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ತನ್ನ ಕೆಲಸದ ಬಗ್ಗೆ ಇಷ್ಟು ವಿನಯದಿಂದ ಮಾತಾಡುವವರನ್ನು ಕಂಡಿಲ್ಲ ಎಂದರು ಅಧ್ಯಕ್ಷರು. ಹುದ್ದೆ ಸಿಕ್ಕಿತು.

ಬಂಟ್ವಾಳದ ಕಚೇರಿಯಲ್ಲಿ ಹಳೆಯ ವಿದ್ಯಾರ್ಥಿ ಎದ್ದು ನಿಂತು ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟ. ಮೇಲಿನ ಕಟ್ಟಗಳಿಲ್ಲದೆ ಅಣೆಕಟ್ಟಿಗೆ ನೀರಿಲ್ಲ, ಇಲಾಖೆಯೇ ಜನರನ್ನು ಹಾಕಿ ಅವನ್ನು ಕಟ್ಟಿಸಬೇಕು ಎಂದು ಭಟ್ಟರು ಹೇಳಿದರು. ಅವನು ತಲೆ ಕೆರೆದುಕೊಂಡ.

"ಸರ್, ಫೈಲಿನಲ್ಲಿ ಉಂಟಲ್ಲ, ಅದು ಡಾಕ್ಟರ್ ತಿರುಮಲೇಶ್ವರ ಭಟ್ಟರ ಅಂಕಿ. ಈಗ ಇಲ್ಲಿ ಕೂತು ಹೇಳ್ತಾ ಇರುವುದು ನಮ್ಮ ಮಾಷ್ಟ್ರು. ನಾನು ಮಾಷ್ಟ್ರನ್ನು ನಂಬ್ತೇನೆ. ಸರಕಾರ ಡಾಕ್ಟರನ್ನೇ ನಂಬುದು."

"ಇಬ್ಬರೂ ನಾನೇ ಅಲ್ವಾ?"

"ಹೌದು ಸರ್. ಆದರೆ ಅವರದ್ದು ಪ್ರಿಂಟ್ ಆಗಿ ಉಂಟು." ಅವನೇ ಮುಂದುವರಿಸಿದ. "ಮತ್ತೆ ಇನ್ನೊಂದು. ಪ್ರತಿ ವರ್ಷ ಮಳೆಗೆ ಕೊಚ್ಚಿಹೋಗ್ಲಿಕ್ಕೇಂತ್ಲೇ ಮಾಡುವ ಕೆಲಸಕ್ಕೆ ಆಡಿಟಿನವರು ಒಪ್ಪುವುದುಂಟಾ ಸರ್? ನಾನು ಹೇಗೆ ಬರೆಯುವುದು ಅದನ್ನು?"

ಅವನು ಚಹಾ ತರಿಸಿದ. ಕುಡಿದು ಭಟ್ಟರು ಎದ್ದರು.

ಇನ್ನು ಉಳಿದದ್ದು ಬೈಲಿನವರು. ಮಳೆಗಾಲ ಕಳೆದು ಮೊದಲ ಬೆಳೆಯ ಕೊಯ್ಲು ಮುಗಿಯುತ್ತಿದ್ದಂತೆ ಭಟ್ಟರು ಕಮಲಾಕ್ಷರ ಮನೆಗೆ ಹೋದರು. ಕಮಲಾಕ್ಷ ಮಾವನ ಹಳೆಯ ಒಕ್ಕಲು. ಈಗ ಬೈಲಿನ ದೊಡ್ಡ ಪಾಲು ಅವರದೇ. ಭೂಮಿ ಕೈಗೆ ಬಂದ ಮೇಲೆ ಕಟ್ಟಕ್ಕೆ ಎಲ್ಲರನ್ನೂ ಕರೆದು ಮುಂದೆ ನಿಂತು ಮಾಡಿಸುತ್ತಿದ್ದವರೂ ಅವರೇ. ಅಂಗಳಕ್ಕೆ ಕಾಲಿಡುವ ಮೊದಲೇ ಒಳಗಿಂದ ಕುರ್ಚಿ ಬಂತು. ಭಟ್ಟರು ಕುಳಿತರು. ಕಮಲಾಕ್ಷ ಕಂಬದ ಪಕ್ಕ ನಿಂತರು.

ಕುಳಿತುಕೊಳ್ಳಿ ಎಂದು ಭಟ್ಟರು ಎರಡು ಸಲ ಹೇಳಿದರು. ಇರಲಿ, ನಿಂತೇ ಅಭ್ಯಾಸ ಎಂದರು ಕಮಲಾಕ್ಷ. ಮನೆ ಅವರದು, ಅಂಗಳ ಅವರದು, ನೆಲ ಅವರ ಹೆಸರಿಗಾಗಿ ಹತ್ತಿರ ಹತ್ತಿರ ಹತ್ತು ವರ್ಷ. ಭಟ್ಟರಿಗೆ ತಾನೂ ಎದ್ದು ನಿಲ್ಲಬೇಕೆನಿಸಿತು. ಎದ್ದರೆ ಅದು ಅವಮಾನ ಮಾಡಿದಂತಾಗುತ್ತದೆಂದೂ ಅನಿಸಿತು. ಕುಳಿತೇ ಎಲ್ಲವನ್ನೂ ತುಳುವಿನಲ್ಲಿ ವಿವರಿಸಿದರು. ತನ್ನ ಲೆಕ್ಕ ಎಲ್ಲಿ ತಪ್ಪಿತು, ಕಟ್ಟಗಳು ಏನು ಮಾಡುತ್ತಿದ್ದವು, ಈ ವರ್ಷವೂ ಕಟ್ಟದಿದ್ದರೆ ಏನಾಗುತ್ತದೆ.

ಕಮಲಾಕ್ಷ ಪೂರ್ತಿ ಕೇಳಿದರು. ಅವರಿಗೆ ಅರ್ಥವಾಗಲಿಲ್ಲ ಎಂದು ಹೇಳುವ ಹಾಗಿರಲಿಲ್ಲ.

"ನೀವು ಹೇಳಿದ್ದು ಸರಿಯೇ ಇರಬಹುದು ಸಣ್ಣ ಧನಿ. ನೀರಿನ ವಿಷಯ ಓದಿದವರು ನೀವು. ಆದರೆ ಜನ ಕರೆಯುವುದು ಹೇಗೆ? ಮೊದಲು ನಿಮ್ಮ ಮಾವನ ಮನೆಯಿಂದ ಕೂಗು ಬರ್ತಿತ್ತು. ಕೂಗಿದ ಮೇಲೆ ಹೋಗದೆ ನಿರ್ವಾಹ ಇಲ್ಲ. ಜ್ವರದ ಮೈಯಲ್ಲಿ ನನ್ನ ಅಪ್ಪ ನೀರಿಗಿಳಿದು ಮಣ್ಣು ತುಳಿದದ್ದುಂಟು. ಗದ್ದೆ ನಮ್ಮದಾದ ಮೇಲೆ ನಾವೇ ಮಾಡಿದೆವು, ಬೇರೆ ದಾರಿ ಇರ್ಲಿಲ್ಲ. ಡ್ಯಾಮಿನ ನೀರು ಬಿಟ್ಟ ದಿನ ಅಪ್ಪನ ಬುಟ್ಟಿಯನ್ನು ಒಲೆಗೆ ಹಾಕಿದೆ. ಈ ಬೈಲಿನಲ್ಲಿ ಇನ್ನು ಯಾರೂ ಮಣ್ಣು ಹೊರುವುದು ಬೇಡ ಅಂತ."

"ಈಗ ಯಾರೂ ಕೂಗುವವರಿಲ್ಲ ಕಮಲಾಕ್ಷ. ನಿಮ್ಮ ಬೆಳೆಗೆ ನೀವು ಮಾಡಿಕೊಳ್ಳುವುದು."

"ಅದು ನನಗೆ ಗೊತ್ತುಂಟು. ನಾನು ಕರೆದರೆ ಅವರು ಕೇಳುವ ಮೊದಲ ಮಾತು, ಹೇಳಿದ್ದು ಯಾರು ಅಂತ. ನಿಮ್ಮ ಹೆಸರು ಹೇಳಬೇಕಾಗ್ತದೆ."

ಅಂಗಳದ ತುದಿಯಲ್ಲಿ ಹೆಂಗಸರು ಭತ್ತ ಹರಡುತ್ತಿದ್ದವರು ಕೈ ನಿಲ್ಲಿಸಿದ್ದರು.

"ಹೇಳದಿದ್ದರೆ?"

"ಸುಳ್ಳು ಹೇಳಿ ಜನ ಸೇರಿಸ್ಲಿಕ್ಕೆ ನನ್ನಿಂದಾಗ್ಲಿಕ್ಕಿಲ್ಲ," ಎಂದರು ಕಮಲಾಕ್ಷ. ಗದ್ದೆ ಹೋದ ಸಿಟ್ಟಿಗೆ ಧನಿಗಳು ಮತ್ತೆ ನಮ್ಮನ್ನು ಕೆಸರಿಗಿಳಿಸುತ್ತಾರೆ ಎಂದು ಮಾತಾಗುತ್ತದೆ, ನಾನು ಹಾಗೆ ಎಣಿಸುವವನಲ್ಲ, ಆದರೆ ಹೇಳುವವರ ಬಾಯಿ ಹಿಡಿಯಲು ಸಾಧ್ಯವಿಲ್ಲ ಎಂದು ಮೆಲ್ಲನೆ ಸೇರಿಸಿದರು. ಆಮೇಲೆ ಮಾವನ ಆರೋಗ್ಯ ವಿಚಾರಿಸಿದರು.

ಹಿಂದಿರುಗಿ ಬರುವಾಗ ಭಟ್ಟರು ಇದಿನಬ್ಬರ ಅಂಗಡಿಯ ಬೆಂಚಿನಲ್ಲಿ ಕುಳಿತರು. ಮೇಲಿನ ಒಂದು ಕಟ್ಟವನ್ನಾದರೂ ನಾವಿಬ್ಬರೇ ಮಾಡಿ ತೋರಿಸಿದರೆ ಹೇಗೆ ಎಂದು ಕೇಳಿದರು. ಇದಿನಬ್ಬ ಬೀಡಿ ಆರಿಸಿದರು.

"ನಾನು ಬರ್ತಿದ್ದೆ ಭಟ್ರೆ, ನಿಮ್ಮಾಣೆ. ಆದ್ರೆ ನಾನು ಬಂದ್ರೆ ಇನ್ನೂ ಕೆಡ್ತದೆ. ಭಟ್ರೂ ಬ್ಯಾರಿಯೂ ಸೇರಿ ಬೈಲಿನ ನೀರಿಗೆ ಅಡ್ಡ ಹಾಕಿದ್ರು ಅಂತ ಪೇಪರಿನಲ್ಲಿ ಬರ್ತದೆ. ನನಗೆ ಈ ಅಂಗಡಿ ಬಿಟ್ರೆ ಬೇರೆ ಡಾಕ್ಟ್ರೇಟು ಇಲ್ಲ."

ಹಾರೆ ಮತ್ತು ಬುಟ್ಟಿ ಮಾತ್ರ ಕೊಡುತ್ತೇನೆ ಎಂದರು.

ದೀಪಾವಳಿ ಕಳೆದು ಮೊದಲ ಭಾನುವಾರ ಭಟ್ಟರು ಒಬ್ಬರೇ ತೋಡಿಗಿಳಿದರು. ಅತ್ಯಂತ ಮೇಲಿನ ಕಟ್ಟದ ಜಾಗ. ನೀರು ಮೊಣಕಾಲಿನವರೆಗೆ ಇತ್ತು, ತಣ್ಣಗಿತ್ತು, ಅವಸರದಲ್ಲಿತ್ತು. ಗೂಟ ಹುಗಿಯಲು ನೋಡಿದರು. ಕಲ್ಲಿನ ಮೇಲೆ ಅದು ನಿಲ್ಲಲಿಲ್ಲ. ಕೊನೆಗೆ ನಾಲ್ಕೈದು ಗೂಟಗಳು ಓರೆಯಾಗಿ ನಿಂತವು. ಅವುಗಳ ನಡುವೆ ಸೊಪ್ಪು ತುರುಕಿ, ದಡದಿಂದ ಮಣ್ಣು ಅಗೆದು, ಬುಟ್ಟಿಯಲ್ಲಿ ಹೊತ್ತು ತಂದು ಸುರಿದರು. ಸುರಿದ ಮಣ್ಣು ಕೆಂಪಗೆ ಕರಗಿ ಕೆಳಗೆ ಹೋಯಿತು. ಮತ್ತೆ ಹೊತ್ತು ತಂದರು. ನೀರು ಎಷ್ಟು ವೇಗದಲ್ಲಿದ್ದರೆ ಎಂಥ ಮಣ್ಣು ನಿಲ್ಲುತ್ತದೆ, ಎಂಥದ್ದು ಹೋಗುತ್ತದೆ ಎಂಬುದನ್ನು ಅವರು ಪ್ರತಿ ವರ್ಷ ಕರಿಹಲಗೆಯ ಮೇಲೆ ಬರೆದು ಕಲಿಸುತ್ತಿದ್ದರು. ಇದು ನಿಲ್ಲುವುದಿಲ್ಲವೆಂದು ಗೊತ್ತಿತ್ತು. ಒಬ್ಬನಿಂದ ಆಗುವ ಕೆಲಸ ಇದಲ್ಲವೆಂದೂ ಗೊತ್ತಿತ್ತು. ಆದರೂ ತಾನು ಕೆಸರಿನಲ್ಲಿ ನಿಂತದ್ದನ್ನು ಬೈಲಿನವರು ನೋಡಿದರೆ, ಇದು ಆಜ್ಞೆಯಲ್ಲ ಎಂದು ತಿಳಿಯಬಹುದು ಎಂಬ ಒಂದು ಆಸೆ ಒಳಗೆ ಇತ್ತು.

ಅವರು ನೋಡಿದರು. ಮೊದಲು ಗದ್ದೆಯ ಬದುವಿನ ಮೇಲೆ ಒಬ್ಬರು, ಆಮೇಲೆ ಮೂವರು, ಆಮೇಲೆ ಲೆಕ್ಕ ಹಿಡಿಯಲಾಗದಷ್ಟು ಜನ. ಯಾರೂ ನಗಲಿಲ್ಲ. ಕೊನೆಗೆ ಕಮಲಾಕ್ಷ ಬಂದರು. ಮುಂಡನ್ನು ಎತ್ತಿ ಕಟ್ಟಿ ನೇರ ನೀರಿಗೆ ಇಳಿದು, ಭಟ್ಟರ ಕೈಯಿಂದ ಬುಟ್ಟಿ ತೆಗೆದುಕೊಂಡರು. ಒಂದು ಕ್ಷಣ ಭಟ್ಟರ ಎದೆ ಹಗುರವಾಯಿತು. ಮಣ್ಣು ತುಂಬಲು ದಡಕ್ಕೆ ಹೋಗುತ್ತಾರೆ ಎಂದುಕೊಂಡರು. ಕಮಲಾಕ್ಷ ಬುಟ್ಟಿಯನ್ನು ನೀರಿನಲ್ಲಿ ಅದ್ದಿ, ಒಳಗೂ ಹೊರಗೂ ಚೆನ್ನಾಗಿ ತೊಳೆದು, ದಡದ ಹುಲ್ಲಿನ ಮೇಲೆ ಕವುಚಿ ಇಟ್ಟರು.

"ನೀವು ಇದನ್ನು ಮಾಡಬಾರದು ಧನಿ. ನಾವು ಇಷ್ಟು ಜನ ಇರುವಾಗ."

"ಹಾಗಾದರೆ ನೀವು ಮಾಡಿ," ಎಂದರು ಭಟ್ಟರು. ತನ್ನ ಸ್ವರ ತನಗೇ ಬೇಡುವವನದಂತೆ ಕೇಳಿಸಿತು.

ಕಮಲಾಕ್ಷರ ಮುಖದಲ್ಲಿ ಸಿಟ್ಟಿರಲಿಲ್ಲ. ನೋವಿದ್ದ ಹಾಗೆ ಕಂಡಿತು. ಇಬ್ಬರು ಬಂದು ಭಟ್ಟರ ತೋಳು ಹಿಡಿದು ಮೇಲೆ ಹತ್ತಿಸಿದರು. ಯಾರದೋ ಮನೆಯಿಂದ ಕುರ್ಚಿ ಬಂತು, ಮಾವಿನ ಮರದ ಕೆಳಗೆ ಇಟ್ಟರು. ಕಾಲಿಗೆ ಬಿಂದಿಗೆಯಲ್ಲಿ ನೀರು ತಂದು ಹೊಯ್ದರು. ಬೆಲ್ಲ ತಂದರು, ಸೀಯಾಳ ಕೆತ್ತಿ ಕೊಟ್ಟರು. ಟೀಚರು ಹೇಗಿದ್ದಾರೆ ಎಂದು ಒಬ್ಬಳು ಹೆಂಗಸು ಕೇಳಿದಳು. ಚೆನ್ನಾಗಿದ್ದಾರೆ ಎಂದರು ಭಟ್ಟರು. ಈಗ ದೊಡ್ಡ ಹುದ್ದೆಯಂತೆ ಹೌದೇ ಎಂದು ಇನ್ನೊಬ್ಬರು ಕೇಳಿದರು. ಹೌದು ಎಂದರು.

ಎದ್ದು ಮತ್ತೆ ನೀರಿಗಿಳಿಯಬೇಕೆಂದು ಎರಡು ಸಲ ಅನಿಸಿತು. ಸುತ್ತ ನಿಂತವರು ಅಷ್ಟು ಹತ್ತಿರ, ಅಷ್ಟು ಮರ್ಯಾದೆಯಿಂದ ನಿಂತಿದ್ದರು. ಅವರನ್ನು ಸರಿಸಿ ಹೋಗುವ ದಾರಿ ಇರಲಿಲ್ಲ. ಸೊಪ್ಪಿನ ಕಟ್ಟೊಂದು ಗೂಟದಿಂದ ಬಿಡಿಸಿಕೊಂಡು ತಿರುಗುತ್ತ ಕೆಳಗೆ ಹೋಯಿತು. ಆಮೇಲೆ ಗೂಟವೂ ವಾಲಿತು. ಎಲ್ಲರೂ ಅದನ್ನು ನೋಡಿದರು. ಇವರಲ್ಲಿ ನಾಲ್ಕು ಜನ ಕೈ ಹಾಕಿದರೆ ಸಂಜೆಯೊಳಗೆ ಮುಗಿಯುವ ಕೆಲಸ. ಅದು ಅವರಿಗೂ ಗೊತ್ತಿತ್ತೆಂದೇ ಭಟ್ಟರಿಗೆ ಅನಿಸಿತು. ಆದರೆ ಧನಿ ಕುಳಿತು ನೋಡುವಾಗ ಮಣ್ಣು ಹೊತ್ತರೆ ಅದು ಹಳೆಯ ಕೂಗಿಗೆ ಓಗೊಟ್ಟ ಹಾಗೆಯೇ ಆಗುತ್ತಿತ್ತು.

ಬಿಸಿಲೇರಿದ ಮೇಲೆ ಅವರನ್ನು ಸೇತುವೆಯವರೆಗೆ ಕರೆದುಕೊಂಡು ಹೋದರು. ಕಮಲಾಕ್ಷ ಹಾರೆ ಬುಟ್ಟಿ ಹಿಡಿದು ಎರಡು ಹೆಜ್ಜೆ ಹಿಂದೆ ಬಂದರು. ಮೂಡುಬಿದಿರೆಯ ಬಸ್ಸು ತಡವಾಗಿತ್ತು. ನೀವು ಹೋಗಿ, ಕೆಲಸವಿರಬಹುದು ಎಂದು ಭಟ್ಟರು ಹೇಳಿದರು. ಬಸ್ಸು ಬಂದು ಅವರು ಹತ್ತಿ ಕುಳಿತುಕೊಳ್ಳುವವರೆಗೆ ಒಬ್ಬರೂ ಅಲ್ಲಿಂದ ಕದಲಲಿಲ್ಲ.